ಕಾತ್ರಜ್ ಘಾಟಿನಲ್ಲಿ ಮುಂದೆ ಬಾಗುವುದು

ನಿನ್ನೆ ಕಾರಿನ ಹಿಂದಿನ ಸೀಟಿನಲ್ಲಿ ಮಗಳು ಮೊಬೈಲ್ ಹಿಡಿದು ಕಾರ್ ರೇಸ್ ಆಡುತ್ತಿದ್ದಳು. ಆಟದಲ್ಲಿ ತಿರುವು ಬಂದಾಗಲೆಲ್ಲ ಅವಳ ಇಡೀ ಮೈ ವಾಲುತ್ತಿತ್ತು. ಅದನ್ನು ಕನ್ನಡಿಯಲ್ಲಿ ನೋಡುತ್ತಲೇ ನನಗೆ ಅಪ್ಪನ ಹಳೆಯ ಕಾರು ನೆನಪಾಯಿತು.

ಆಗ ನಮ್ಮ ಮನೆ ಧನಕವಡಿಯಲ್ಲಿತ್ತು. ರಜೆಗೆ ಬೆಳಗಾವಿಗೆ ಹೊರಟರೆ ಮೊದಲು ಸಿಗುವುದೇ ಕಾತ್ರಜ್ ಘಾಟ್. ಏರು ಶುರುವಾದೊಡನೆ ಅಪ್ಪ ಹಾಡು ಬಂದ್ ಮಾಡಿ, "ಎಲ್ಲಾರೂ ಮುಂದ ಬಾಗ್ರಿ. ಹಿಂದ ಒರಗಿದ್ರ ಗಾಡಿಗೆ ಭಾರ ಆಗ್ತದ" ಎನ್ನುತ್ತಿದ್ದರು. ಅವ್ವ ಬುತ್ತಿ ಡಬ್ಬಿಯ ಸಮೇತ ಬಾಗುತ್ತಿದ್ದಳು. ನಾನೂ ತಮ್ಮನೂ ಮುಂದಿನ ಸೀಟಿಗೆ ಹಣೆ ಹಚ್ಚಿ ಉಸಿರು ಬಿಗಿಹಿಡಿಯುತ್ತಿದ್ದೆವು. ಪೆಟ್ರೋಲು, ಕಾದ ಕ್ಲಚ್ಚು, ಶೇಂಗಾ ಚಟ್ನಿ, ಎಲ್ಲದರ ವಾಸನೆ ಒಟ್ಟಿಗೆ ಬರುತ್ತಿತ್ತು. ಮೇಲೆ ಸುರಂಗ ಕಂಡಾಗ ಅಪ್ಪ ಡ್ಯಾಶ್‌ಬೋರ್ಡ್ ತಟ್ಟಿ, "ಭಾಳ ಶಾಣ್ಯಾ ಅದ" ಎಂದು ಕಾರನ್ನು ಹೊಗಳುತ್ತಿದ್ದರು. ಆಮೇಲೆಯೇ ನಾವು ಬೆನ್ನು ಒರಗಿಸುವುದು.

ಅಂಥ ಅಪ್ಪನಿಗೆ ನನ್ನ ಎಲೆಕ್ಟ್ರಿಕ್ ಕಾರು ಹಿಡಿಸಿರಲಿಲ್ಲ. "ಸಪ್ಪಳಾನ ಇಲ್ಲ. ಇದು ಘಾಟ್ ಏರತದೇನು?" ಎಂದು ಮೂಗು ಮುರಿದಿದ್ದರು. ಅದಕ್ಕೇ ನಿನ್ನೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಹಳೆಯ ದಾರಿ ಹಿಡಿದಿದ್ದೆ.

ಕಾರು ಸದ್ದಿಲ್ಲದೆ ಏರತೊಡಗಿತು. ನೋಡಿದರೆ ಅಪ್ಪ ಸೀಟಿನಿಂದ ಬೆನ್ನೆತ್ತಿ ಮುಂದೆ ಬಾಗಿದ್ದರು.

"ಅಜ್ಜಾ, ಬ್ಯಾಟರಿ ಗಾಡಿ ಇದು. ಬಾಗೂದು ಬ್ಯಾಡ" ಎಂದಳು ಮಗಳು.

"ಗೊತ್ತದವ್ವಾ. ಆದ್ರೂ ಹೊಸಾ ಗಾಡಿ ಅದ, ನಮ್ಮದೂ ಒಂದೀಟು ಆಸರ ಇರ್ಲಿ."

ಹಿಂದೆ ಆಟದ ಸದ್ದು ನಿಂತಿತು. ಮಗಳ ಹಣೆ ನನ್ನ ಸೀಟಿಗೆ ತಾಗಿತು.

ಸುರಂಗದ ಬಾಯಲ್ಲಿ ಅಪ್ಪ ಮೆಲ್ಲನೆ ಡ್ಯಾಶ್‌ಬೋರ್ಡ್ ತಟ್ಟಿದರು.

"ಇದೂ ಶಾಣ್ಯಾ ಅದ."