ಅಕ್ಕನ ಎಣ್ಣೆ ಇಂಜೆಕ್ಷನ್

ಮೊನ್ನೆ ವಿಟಮಿನ್ ಗುಳಿಗೆಯೊಂದು ಬೆರಳ ನಡುವೆ ಒಡೆಯಿತು. ಹಳದಿ ಎಣ್ಣೆ, ಮೀನಿನ ವಾಸನೆ. ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಆ ವಾಸನೆಯ ಹಿಂದೆಯೇ ಹೊನ್ನಾವರದ ನಮ್ಮ ಓಣಿಯ ಹೊಲಿಗೆಯ ಅಕ್ಕ ಬಂದಳು...

ಎಂಬತ್ತರ ದಶಕದ ಮೊದಲ ವರ್ಷಗಳು. ಅಕ್ಕ ನಮ್ಮ ಪಕ್ಕದ ಮನೆಯವಳು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ದಿನವಿಡೀ ರವಿಕೆ ಹೊಲಿಯುತ್ತಿದ್ದಳು. ಬಿಸಿಲು ಕಂಡದ್ದು ಕಡಿಮೆ. ಕಾಲಿನ ಮೂಳೆ ನೋಯತೊಡಗಿದಾಗ ಊರಿನ ಡಾಕ್ಟರು ವಾರಕ್ಕೊಮ್ಮೆ ಡಿ ವಿಟಮಿನ್ ಚುಚ್ಚತೊಡಗಿದರು. ಔಷಧ ಮಂದವಾಗಿತ್ತು, ನಾವು ಅದನ್ನು ಎಣ್ಣೆ ಇಂಜೆಕ್ಷನ್ ಎನ್ನುತ್ತಿದ್ದೆವು. ಭಟ್ಕಳದ ತವರಿನಿಂದ, ದೋಣಿ ಕೆಲಸದ ಅಣ್ಣ ಶಾರ್ಕ್ ಮೀನಿನ ಲಿವರ್ ಕಾಸಿ ತೆಗೆದ ಎಣ್ಣೆ ಕಳಿಸುತ್ತಿದ್ದ. ಅದರಲ್ಲೂ ಇರುವುದು ಅದೇ ವಿಟಮಿನ್. ದಿನಕ್ಕೆರಡು ಚಮಚ.

ನೋವು ಇಳಿಯಲಿಲ್ಲ. ಕುಮಟಾದ ಡಾಕ್ಟರ ಕೈಗುಣ ಒಳ್ಳೆಯದೆಂದು ಯಾರೋ ಹೇಳಿದರು. ನಾನು ಬಿ.ಎಸ್ಸಿ. ಮುಗಿಸಿ ಕುಮಟಾದಲ್ಲೇ ಕೆಲಸಕ್ಕಿದ್ದೆ. ಒಂದೇ ಬಸ್ಸಿನಲ್ಲಿ ಹೋದೆವು.

"ಮೊದಲು ಎಲ್ಲಾದರೂ ಇಂಜೆಕ್ಷನ್ ಆಗಿದೆಯಾ?" ಎಂದು ಡಾಕ್ಟರು ಕೇಳಿದರು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಒಬ್ಬ ಡಾಕ್ಟರ ಎದುರು ಇನ್ನೊಬ್ಬರ ಸುದ್ದಿ ಎತ್ತುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಅಲ್ಲೂ ಅದೇ ಇಂಜೆಕ್ಷನ್.

"ಊರಿನದ್ದು ಬಿಡ್ತ್ಯಾ ಅಕ್ಕಾ?" ಎಂದೆ, ಬಸ್‌ಸ್ಟ್ಯಾಂಡಿನಲ್ಲಿ.

"ಬಿಡೂಕೆ ಆಗ್ತದ್ಯಾ ತಮ್ಮಾ? ಆ ಡಾಕ್ಟ್ರ ಹೆಂಡ್ತಿ ರವಿಕೆ ಎಲ್ಲಾ ನಾನೇ ಹೊಲಿಯೂದು. ನಾಳೆ ಮುಖ ಹ್ಯಾಂಗೆ ತೋರ್ಸೂದು?"

"ಹೆಚ್ಚಾದ್ರೆ?"

"ಶಕ್ತಿ ಹೆಚ್ಚಾದ್ರೆ ಎಂತ ಆಗ್ತದೆ? ಕಾಲೇಜು ಕಲ್ತವ್ರಿಗೆ ಎಲ್ಲಾದಕ್ಕೂ ಹೆದ್ರಿಕೆ. ಬಾ, ಧೈರ್ಯಕ್ಕೆ ನಿಂಗೂ ಒಂದು ರವಿಕೆ ಹೊಲ್ದು ಕೊಡ್ತೆ!"

ನಕ್ಕುಬಿಟ್ಟೆ. ಕೊಬ್ಬಿನಲ್ಲಿ ಕರಗುವ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗುವುದಿಲ್ಲ, ಮೈಯಲ್ಲೇ ಉಳಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದವನು ನಾನು. ಮಾರ್ಕೂ ಸಿಕ್ಕಿತ್ತು.

ಸೋಮವಾರ ಹೊನ್ನಾವರ, ಗುರುವಾರ ಕುಮಟಾ, ದಿನಾ ಭಟ್ಕಳದ ಎಣ್ಣೆ. ಎರಡು ತಿಂಗಳಾಗುವಾಗ ಅಕ್ಕ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಆಮೇಲೆ ವಾಂತಿ. ಒಂದು ಗುರುವಾರ ಬಸ್ಸಿನಲ್ಲಿ ನನ್ನನ್ನು ತನ್ನ ಅಣ್ಣನೆಂದು ತಿಳಿದು, "ದೋಣಿ ಬಂತಾ?" ಎಂದು ಕೇಳಿದಳು. ಇಳಿಸುವಾಗ ಕಾಲು ನಿಲ್ಲಲಿಲ್ಲ.

ಬಲಹೀನತೆ ಎಂದುಕೊಂಡು ಡಾಕ್ಟರು ಸಿರಿಂಜಿಗೆ ಔಷಧ ಎಳೆದುಕೊಂಡರು. ಸೂಜಿ ಚರ್ಮ ತಾಗುವಷ್ಟರಲ್ಲಿ ನನ್ನ ಬಾಯಿ ತೆರೆಯಿತು. ಎಲ್ಲ ಹೇಳಿದೆ. ಅವರು ಸಿರಿಂಜ್ ಕೆಳಗಿಟ್ಟರು.

"ಮೊದಲ ದಿನವೇ ಹೇಳಬಾರದಿತ್ತೇನ್ರೀ?"

ಹಲವು ದಿನ ಸಲೈನ್ ಏರಿಸಿದರು. ಅಕ್ಕ ಬದುಕಿದಳು. ಆದರೆ ಡಿ ವಿಟಮಿನ್ ಹೆಚ್ಚಾಗಿ ರಕ್ತದಲ್ಲಿ ಏರಿದ್ದ ಕ್ಯಾಲ್ಸಿಯಂ ಮೂತ್ರಪಿಂಡಗಳನ್ನು ಕೆಡಿಸಿತ್ತು. ಮತ್ತೆ ನಾಲ್ಕೈದು ವರ್ಷ ರವಿಕೆ ಹೊಲಿದಳು, ಅಷ್ಟೆ... ಆ ಸೂಜಿ ಈಗಲೂ ಕಣ್ಣೆದುರು ಬರುತ್ತದೆ. ಕೆಲವೊಮ್ಮೆ ನೆನಪಿನಲ್ಲಿ ನಾನು ಬಾಯಿ ತೆರೆಯುವುದೇ ಇಲ್ಲ.

ಈಗ ನನ್ನ ಲಿವರಿನಲ್ಲಿ ಕೊಬ್ಬು ಸೇರಿದೆ, ರಕ್ತದಲ್ಲಿ ಡಿ ವಿಟಮಿನ್ ಕಡಿಮೆಯಿದೆ. ಆ ವಿಟಮಿನ್ನಿನ ಸಂದೇಶ ಮೂಳೆಗೆ ಮಾತ್ರವಲ್ಲ, ಲಿವರಿನ ಜೀವಕೋಶಗಳಿಗೂ ಮುಟ್ಟಿ, ಅವು ಕೊಬ್ಬನ್ನು ಕೂಡಿಡುವ, ಕರಗಿಸುವ ರೀತಿಯನ್ನು ಬದಲಿಸುವಂತೆ ಕಾಣುತ್ತದೆ, ಪೂರ್ತಿ ತಿಳಿದಿಲ್ಲ ಎಂದರು ಡಾಕ್ಟರು. ಗುಳಿಗೆ ಬರೆಯುವ ಮೊದಲು, "ಬೇರೆ ಏನಾದರೂ ತಗೊಳ್ತಿದ್ದೀರಾ?" ಎಂದು ಕೇಳಿದರು.

ಇಲ್ಲ ಎಂದಿದ್ದರೆ ಸಾಕಿತ್ತು. ನಾನು ಹೇಳುತ್ತಲೇ ಹೋದೆ. ಹಳೆಯ ಟಾನಿಕ್ಕು, ಎಂದೋ ಕುಡಿದ ಕೆಮ್ಮಿನ ಔಷಧ... "ಸಾಕು ಸಾಕು," ಎಂದು ಡಾಕ್ಟರು ನಕ್ಕರು. ಅಕ್ಕ ಇದ್ದಿದ್ದರೆ ಅವಳೂ ನಗುತ್ತಿದ್ದಳು.