ಅಪ್ಪ ಕೊಟ್ಟ ತಪ್ಪು ನಾಣ್ಯ

ನನ್ನ ಬಲಗೈಗೆ ಆರು ಬೆರಳು. ಆಟದಲ್ಲಿ ಯಾರೂ ನನ್ನ ಕೈ ಹಿಡಿಯುವುದಿಲ್ಲ ಅಂತ ಶಾಲೆಯಿಂದ ಅಳುತ್ತಾ ಬಂದ ಒಂದು ಸಂಜೆ, ಹೊಸದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಪುಟ್ಟ ಅಂಗಡಿ ಇಟ್ಟಿದ್ದ ಅಪ್ಪ ಗಲ್ಲಾಪೆಟ್ಟಿಗೆಯಿಂದ ಎರಡು ರೂಪಾಯಿಯ ನಾಣ್ಯವೊಂದನ್ನು ತೆಗೆದು ಕೊಟ್ಟರು. ಅದರ ಮೇಲಿನ ಅಕ್ಷರಗಳು ಅಂಚಿನ ಕಡೆಗೆ ಕರಗಿ ಹರಿದಂತಿದ್ದವು.

"ನೋಡವ್ವ, ಟಂಕಸಾಲೇಲಿ ತಪ್ಪಾಗಿ ಬಂದಿರೋದು ಇದು. ಇಂಥದ್ದು ಇನ್ನೊಂದಿಲ್ಲ. ಅದಕ್ಕೇ ಇದನ್ನ ಖರ್ಚು ಮಾಡಂಗಿಲ್ಲ, ಜೋಪಾನ ಮಾಡ್ಬೇಕು" ಅಂದರು. ಹೇಳುವಾಗ ಹಿಡಿದುಕೊಂಡಿದ್ದು ನನ್ನ ಆರನೇ ಬೆರಳನ್ನು. ಮಾರನೇ ದಿನದಿಂದ ನನ್ನ ಗತ್ತೇ ಬೇರೆ.

ಆಗ ಹತ್ತಿದ ನಾಣ್ಯದ ಹುಚ್ಚು ಇನ್ನೂ ಇಳಿದಿಲ್ಲ. ಈಗ ಚಿತ್ರದುರ್ಗದಲ್ಲಿ ಕೆಲಸ. ಬ್ಯಾಗಿನಲ್ಲಿ ಸದಾ ಒಂದು ಭೂತಗನ್ನಡಿ. ಒಮ್ಮೆ ಐಮಂಗಲದ ಹೋಟೆಲಿನಲ್ಲಿ ಚಿಲ್ಲರೆ ಜೊತೆ, ಒಂದು ಬದಿ ಯಾರೋ ಕಚ್ಚಿದಂತಿದ್ದ ರೂಪಾಯಿ ಬಂತು. ಅರದಿಂದ ಉಜ್ಜಿದ್ದೂ ಇರಬಹುದಲ್ಲ? ಅದನ್ನು ತಿಳಿಯಲು ಕಚ್ಚಿದ ಜಾಗದ ಎದುರಿನ ಅಂಚನ್ನು ನೋಡಬೇಕು. ಅಚ್ಚು ಒತ್ತುವ ಮೊದಲೇ ಲೋಹದ ಬಿಲ್ಲೆ ಒಂದು ಬದಿ ತುಂಡಾಗಿದ್ದರೆ, ಒತ್ತಡ ಸಾಲದೆ ಎದುರಂಚೂ ಸರಿಯಾಗಿ ಎದ್ದಿರುವುದಿಲ್ಲ. ಇದರಲ್ಲಿ ಎದ್ದಿರಲಿಲ್ಲ. ನಿಜವಾದ ತಪ್ಪು! ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಆದರೆ ಅಪ್ಪನ ನಾಣ್ಯವನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡಿರಲಿಲ್ಲ. ಅವರು ತೀರಿಕೊಂಡ ಮೇಲಂತೂ ಧೈರ್ಯವೇ ಬರಲಿಲ್ಲ. ಅದು ತಪ್ಪು ನಾಣ್ಯವಲ್ಲ ಅಂತಾದರೆ ಅಪ್ಪನ ಮಾತಿನಲ್ಲಿ ಏನು ಉಳಿಯುತ್ತದೆ ಅನ್ನುವ ಭಯ.

ಈ ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮ ಮರದ ಅಚ್ಚಿಗೆ ಪಾಕ ಹೊಯ್ದು ಸಕ್ಕರೆ ಗಿಣಿ ಬಿಡಿಸುತ್ತಿದ್ದಳು. ಒಂದಕ್ಕೂ ಕೊಕ್ಕು ಸರಿಯಾಗಿ ಬಾಗಿರಲಿಲ್ಲ.

"ಏನಮ್ಮ, ನಿನ್ ಗಿಣಿ ಎಲ್ಲಾ ಪಾರಿವಾಳ ಆಗ್ಯಾವಲ್ಲ" ಅಂತ ರೇಗಿಸಿದೆ.

"ಒಂದಕ್ಕೆ ಹಂಗಾಗಿದ್ರೆ ನನ್ ಕೈ ತಪ್ಪು ಕಣೇ. ಎಲ್ಲಕ್ಕೂ ಹಿಂಗೇ ಅಂದ್ರೆ ಅಚ್ಚು ಸವದೈತೆ ಅಂತ. ಸುಮ್ನೆ ತಿನ್ನು."

ತಿಂದೆ. ಆದರೆ ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ತಡೆಯಲಾಗದೆ ದೇವರ ಗೂಡಿನಿಂದ ನನ್ನ ನಾಣ್ಯ ತಂದು ಭೂತಗನ್ನಡಿ ಹಿಡಿದೆ. ನನಗೆ ಸಿಗುವ ಮೊದಲು ಕೈಯಿಂದ ಕೈಗೆ ಓಡಾಡಿ ಸವೆದೇ ಅಕ್ಷರ ಹೀಗಾದವೇ? ಹಾಗಿದ್ದರೆ ನಾಣ್ಯದ ಮೇಲೆ ಉಬ್ಬಿಕೊಂಡಿರುವ ಲಾಂಛನದ ಸಿಂಹಗಳು ಮೊದಲು ಸವೆಯಬೇಕಿತ್ತು. ಅವು ಚೆನ್ನಾಗಿಯೇ ಇದ್ದವು. ಅಂದರೆ ಇದು ಅಚ್ಚಿನಲ್ಲೇ ಆದದ್ದು. ಸವೆದ ಅಚ್ಚಾದರೆ ಇದರ ಒಡಹುಟ್ಟುಗಳು ಇನ್ನೂ ಎಷ್ಟೋ ಇರಬೇಕು.

ನಮ್ಮ ಮನೆಯಲ್ಲಿ ದೇವರ ಕಾಣಿಕೆ ಡಬ್ಬಿಯನ್ನು ಯಾರೂ ತೆರೆಯುವಂತಿಲ್ಲ. ತುಂಬಿದ ಮೇಲೆ ಮನೆದೇವರಿಗೆ ಒಯ್ಯುವಾಗಷ್ಟೇ ತೆರೆಯುವುದು. ಅಪ್ಪನ ಕಾಲದಿಂದ ತುಂಬುತ್ತಾ ಬಂದು ಈಗ ಭರ್ತಿಯಾಗಿದ್ದ ಆ ಡಬ್ಬಿಯನ್ನು ಹಬ್ಬದ ಮರುದಿನ ಅಮ್ಮ ಚಾಪೆಯ ಮೇಲೆ ಸುರಿದಳು. ನಾನು ಎರಡು ರೂಪಾಯಿಯ ನಾಣ್ಯಗಳನ್ನು ಆರಿಸತೊಡಗಿದೆ. ಅದೇ ವರ್ಷ, ಅದೇ ಕರಗಿದ ಅಕ್ಷರ. ಒಂದಲ್ಲ, ಎರಡಲ್ಲ, ಒಂದು ಬೊಗಸೆ.

"ಅಮ್ಮ, ಇದು ತಪ್ಪು ನಾಣ್ಯ ಅಲ್ಲ. ಅಚ್ಚು ಸವೆದಿತ್ತು, ಅಷ್ಟೇ. ಪಾಪ, ಅಪ್ಪಂಗೆ ಗೊತ್ತಿರ್ಲಿಲ್ಲ" ಅಂದೆ.

"ಯಾಕ್ ಗೊತ್ತಿರ್ಲಿಲ್ಲ?" ಅಂದಳು ಅಮ್ಮ. "ಅಂಗ್ಡಿಗೆ ಇಂಥವು ಬರ್ತಾನೇ ಇದ್ವು. ನಿನ್ ಕಣ್ಣಿಗೆ ಬೀಳ್ಬಾರ್ದು ಅಂತ ದಿನಾ ಗಲ್ಲಾ ಜಾಲಾಡಿ, ಆರಿಸಿ ಆರಿಸಿ ಈ ಡಬ್ಬಿಗೆ ಹಾಕ್ತಿದ್ರು ನಿಮ್ಮಪ್ಪ. ದೇವ್ರ ಡಬ್ಬಿ ನೀನು ಮುಟ್ಟಲ್ಲ ಅಂತ."

ಅಳು ತಡೆಯಲಾಗಲಿಲ್ಲ. ಅವನ್ನೆಲ್ಲ ಬಾಚಿ ಮತ್ತೆ ಡಬ್ಬಿಗೆ ತುಂಬಿದೆ. ನನ್ನದೊಂದನ್ನು ಮಾತ್ರ ದೇವರಿಗೂ ಕೊಡಲಿಲ್ಲ.