ಟೈ ರಾಡ್ ಮುರಿದದ್ದು ಯಾವಾಗ

ಗಾಡಿ ಉರುಳಿದಾಗ, ಯಂತ್ರ ಸಿಡಿದಾಗ ಯಾವ ಭಾಗ ಮೊದಲು ಕೈಕೊಟ್ಟಿತು ಎಂದು ಹುಡುಕಿ ಬರೆದುಕೊಡುವ ಇಂಜಿನಿಯರ್ ನಾನು. ಮನೆ ಕೊಳ್ಳೇಗಾಲದಲ್ಲಿ. ವಿಮೆಯವರು ಕರೆದ ಕಡೆ ಹೋಗುತ್ತೇನೆ.

ರಾಮಾಪುರದಿಂದ ಹನೂರಿಗೆ ಬರುತ್ತಿದ್ದ ಟೆಂಪೊ ಒಂದು ತಿರುವಿನಲ್ಲಿ ಹಳ್ಳಕ್ಕೆ ಇಳಿದಿತ್ತು. ಮಾರನೆಯ ದಿನ ನಾನು ಅಲ್ಲಿಗೆ ಹೋದಾಗ ಡ್ರೈವರ್ ಹಣೆಗೆ ಪಟ್ಟಿ ಕಟ್ಟಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಗಾಡಿಯಲ್ಲಿದ್ದವರ ಪೈಕಿ ಹೆಚ್ಚು ಪೆಟ್ಟಾದದ್ದು ಅವರ ಸ್ವಂತ ಅಕ್ಕನಿಗೆ. ಆಕೆಯ ಕಾಲು ಉಳಿಯುವುದಿಲ್ಲವೆಂದು ಆಸ್ಪತ್ರೆಯವರು ಆಗಲೇ ಹೇಳಿದ್ದರು.

"ಟಕ್ ಅಂತ ಸದ್ದು ಬಂತು ಸಾ. ಆಮೇಲೆ ಸ್ಟೇರಿಂಗ್ ತಿರುಗ್ಸಿದ್ರೂ ಚಕ್ರ ತಿರುಗ್ಲೇ ಇಲ್ಲ," ಎಂದರು.

"ಎಲ್ಲ ಡ್ರೈವರ್‌ಗಳೂ ಇದನ್ನೇ ಹೇಳ್ತಾರೆ. ನೀನು ಎಷ್ಟು ಸ್ಪೀಡಲ್ಲಿದ್ದೆ, ಅದನ್ನ ಹೇಳು," ಎಂದೆ ನಾನು.

ಉತ್ತರಕ್ಕೆ ಕಾಯದೆ ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಮುಂದಿನ ಚಕ್ರಗಳನ್ನು ತಿರುಗಿಸುವ ಟೈ ರಾಡ್ ಎರಡು ತುಂಡಾಗಿತ್ತು. ಬಿಸಿಲು ಸುಡುತ್ತಿತ್ತು, ಮಧ್ಯಾಹ್ನ ಇನ್ನೊಂದು ಕಡೆ ಹೋಗುವುದಿತ್ತು. ಮುರಿದ ತುದಿಯ ಗ್ರೀಸು, ಮಣ್ಣನ್ನು ಬಟ್ಟೆಯಿಂದ ಒಮ್ಮೆ ಸವರಿ ಫೋಟೊ ತೆಗೆದುಕೊಂಡೆ, ಅಷ್ಟೆ. ಹಳ್ಳದಲ್ಲಿದ್ದ ಬಂಡೆಗೆ ಬಡಿದ ಪೆಟ್ಟಿನಿಂದ ರಾಡ್ ಮುರಿದಿದೆ, ಅಪಘಾತಕ್ಕೆ ಕಾರಣ ಚಾಲಕನ ಅತಿವೇಗ ಎಂದು ವರದಿ ಬರೆದೆ. ಅವರು ಹೇಳಿದ 'ಟಕ್' ಸದ್ದಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಎರಡು ವರ್ಷದ ನಂತರ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಕರೆದರು. ಪೆಟ್ಟಿನಿಂದ ಮುರಿದ ಲೋಹ ಹೇಗಿರುತ್ತದೆ ಎಂದು ತೋರಿಸಲು ಅದೇ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಮುರಿದ ಜಾಗದ ಅರ್ಧ ಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಉಳಿದರ್ಧ ತುಕ್ಕು ಹಿಡಿದು ಕಪ್ಪಾಗಿತ್ತು. ಅದರ ಮೇಲೆ ಕಪ್ಪೆಚಿಪ್ಪಿನ ಮೇಲಿರುವಂಥ ಬಾಗುಗೆರೆಗಳು. ಒಂದೇ ದಿನದಲ್ಲಿ ಕಬ್ಬಿಣ ಹಾಗೆ ಕಪ್ಪಾಗುವುದಿಲ್ಲ. ರಾಡ್ ತಿಂಗಳುಗಟ್ಟಲೆ ಒಳಗೊಳಗೇ ಬಿರುಕು ಬಿಡುತ್ತಾ ಬಂದು ಆ ತಿರುವಿನಲ್ಲಿ ಪೂರ್ತಿ ಮುರಿದಿತ್ತು. ಡ್ರೈವರ್ ಕೇಳಿದ 'ಟಕ್' ಅದೇ. ಗಾಡಿ ಹಳ್ಳಕ್ಕೆ ಇಳಿದದ್ದು ಆಮೇಲೆ. ಇದು ಮೊದಲ ವರ್ಷದ ಹುಡುಗರೂ ಕಲಿಯುವ ಪಾಠ.

ತಕ್ಷಣ ಎದ್ದು ಆ ಡ್ರೈವರ್ ಹತ್ತಿರ ಹೋದೆ ಎಂದು ಬರೆಯಬೇಕೆಂದು ಆಸೆ. ಹೋಗಲಿಲ್ಲ. ಟೆಂಪೊ ಗುಜರಿಗೆ ಹೋಗಿತ್ತು, ಫೋಟೊ ನನ್ನ ಹತ್ತಿರ ಮಾತ್ರ ಇತ್ತು. ಅಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೂರು ವಾರ ಹೆಂಡತಿಗೂ ಹೇಳದೆ ಸುಮ್ಮನಿದ್ದೆ. ಕೊನೆಗೆ ವಿಮೆಯವರಿಗೂ ಪೊಲೀಸರಿಗೂ ನನ್ನ ವರದಿ ತಪ್ಪೆಂದು ಹೊಸ ವರದಿ ಬರೆದು ಕಳಿಸಿ, ಆ ಡ್ರೈವರನ್ನು ಹುಡುಕಿಕೊಂಡು ಹೊರಟೆ.

ಅವರು ಯಳಂದೂರಿನ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದರು. ನನ್ನ ವರದಿ ಬಂದ ಮೇಲೆ ಯಾರೂ ಅವರ ಕೈಗೆ ಗಾಡಿ ಕೊಟ್ಟಿರಲಿಲ್ಲ. ನಾನು ಫೋಟೊ ತೋರಿಸಿ, "ನಿಮ್ಮ ತಪ್ಪಿರಲಿಲ್ಲ. ತಪ್ಪು ನಂದು," ಎಂದೆ.

ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡು ಫೋಟೊವನ್ನು ಬಹಳ ಹೊತ್ತು ನೋಡಿದರು.

"ಇದ್ನ ಅವತ್ತೇ ಏಳಿದ್ನಲ್ಲ ಸಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಂಗೇನ್ ಬ್ಯಾಡ. ನಮ್ಮಕ್ಕ ಎರಡು ವರ್ಸದಿಂದ ನನ್ ಮಕ ನೋಡಿಲ್ಲ. ಅನೂರ್ಗೆ ಬಂದು ಅವ್ಳ ಮುಂದೆ ಈ ಮಾತ್ನೇ ಏಳಿ," ಎಂದರು.

ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹನೂರಿಗೆ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಅಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಪಕ್ಕದಲ್ಲಿ ಊರುಗೋಲು. ತಮ್ಮನನ್ನು ಕಂಡೊಡನೆ ಮುಖ ತಿರುಗಿಸಿದರು. ಡ್ರೈವರ್ ಬೇಲಿಯ ಹೊರಗೇ ನಿಂತುಬಿಟ್ಟರು. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ರಾಡಿನ ಬಿರುಕು, ತುಕ್ಕು, ಸರಿಯಾಗಿ ನೋಡದೆ ಬರೆದ ವರದಿ.

"ಅವ್ನು ಜೋರಾಗ್ ಓಡುಸ್ಲಿಲ್ವಾ?"

"ಇಲ್ಲಮ್ಮ. ಜೋರಾಗಿ ಓಡಿಸಿದ್ರು ಅನ್ನೋಕೆ ನನ್ನ ಹತ್ರ ಯಾವ ಆಧಾರವೂ ಇರಲಿಲ್ಲ. ಸುಮ್ಮನೆ ಬರೆದೆ."

ಆಕೆ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದರು.

"ಹಬ್ಬದ ದಿನ ಬಾಗ್ಲಿಗೆ ಬಂದಿದ್ದ ಸಾ. ನನ್ ಕಾಲ್ ತಿಂದೋನು ಅಂದು ಅಟ್ಟುಬುಟ್ಟೆ. ಕಾಗ್ದದಲ್ಲಿ ಬರ್ದವ್ರೆ, ಓದ್ದೋರು ಸುಳ್ ಬರಿತಾರಾ ಅಂದ್ಕಂಡೆ," ಎಂದವರು ಬೇಲಿಯ ಕಡೆ ತಿರುಗಿ ಗದರಿದರು. "ಅಲ್ಯಾಕ್ಲಾ ನಿಂತಿದ್ದೀ? ಒಳೀಕ್ ಬಾ."

ಅವರು ಬಂದರು. ಅಕ್ಕನ ಎದುರಿಗೆ ಕೂತು, ಮೊರಕ್ಕೆ ಕೈಹಾಕಿ ತಾವೂ ಸುಲಿಯತೊಡಗಿದರು. ಇಬ್ಬರೂ ಅಳುತ್ತಿದ್ದರು. ನಾನು ಹೊರಡಲು ಎದ್ದಾಗ ಯಾರೂ ತಡೆಯಲಿಲ್ಲ, ಹೋಗಿ ಬನ್ನಿ ಎಂದೂ ಅನ್ನಲಿಲ್ಲ. ಅನ್ನಬೇಕೆಂದು ನಾನು ಬಯಸುವಂತೆಯೂ ಇರಲಿಲ್ಲ.

ಹನೂರಿನ ಟೆಂಪೊ ಸ್ಟ್ಯಾಂಡಿನಲ್ಲಿ ಡ್ರೈವರುಗಳ ಎದುರಿಗೂ ಹೊಸ ವರದಿಯನ್ನು ಓದಿ ಹೇಳಿದೆ. ಆಮೇಲೆ ಒಬ್ಬ ಟೆಂಪೊ ಮಾಲೀಕ ಆ ಡ್ರೈವರನ್ನು ಕರೆದು ಗಾಡಿ ಕೊಡುತ್ತೇನೆಂದನಂತೆ. ಅವರು ಒಪ್ಪಲಿಲ್ಲ. ಸ್ಟೇರಿಂಗ್ ಮುಂದೆ ಕೂತರೆ ಈಗಲೂ ಆ 'ಟಕ್' ಸದ್ದೇ ಕೇಳುತ್ತದಂತೆ. ಇಂದಿಗೂ ಗಿರಣಿಯಲ್ಲೇ ಮೂಟೆ ಹೊರುತ್ತಿದ್ದಾರೆ.